ಸಮ್ಮೇಳನಕ್ಕೆ ನಮ್ಮೂರಿನ ಬೂದಿಯೂ ಬರಲಿ

ಮಟೀರಿಯಲ್ಸ್ ಸೈನ್ಸ್ ಮೇಲೆ ನಡೆಯುವ ಯಾವುದಾದರೂ ಸಮ್ಮೇಳನದ ಬ್ರೋಷರ್ ತೆಗೆದು ನೋಡ್ರಿ. ಮುಖಪುಟದಲ್ಲಿ ಗಣ್ಯರ ಫೋಟೋ, ಒಳಗೆ ವಿಷಯಗಳ ಪಟ್ಟಿ, ನೋಂದಣಿ ಶುಲ್ಕ, ಬ್ಯಾಂಕ್ ಖಾತೆ ನಂಬರ್. ಕೊನೆಯಲ್ಲಿ ‘ವಿಶೇಷ ಕಾರ್ಯಕ್ರಮಗಳು’ ಅಂತ ಒಂದು ಸಣ್ಣ ಚೌಕ. ಅದರೊಳಗೆ ಏನಿರ್ತದ? ಉದ್ಘಾಟನೆ, ಸನ್ಮಾನ, ಸಾಂಸ್ಕೃತಿಕ ಸಂಜೆ, ಸಮಾರೋಪ, ಪ್ರಮಾಣಪತ್ರ ವಿತರಣೆ. ವಸ್ತುವಿಜ್ಞಾನದ ಸಮ್ಮೇಳನ ಇರಲಿ, ಮಾರ್ಕೆಟಿಂಗ್ ಸಮ್ಮೇಳನ ಇರಲಿ, ಈ ಚೌಕ ಮಾತ್ರ ಬದಲಾಗೋದಿಲ್ಲ. ಹೆಸರಿಗೆ ವಿಶೇಷ, ಒಳಗೆ ಎಲ್ಲಾ ಮಾಮೂಲಿ.

ನಮ್ಮ ಕನ್ನಡ ಸಂಘದಲ್ಲಿ ಈ ಚೌಕದ ಬಗ್ಗೆ ಬಹಳ ಚರ್ಚೆ ಆಗಿದೆ. ನಮ್ಮಲ್ಲಿ ಮೆಕ್ಯಾನಿಕಲ್‌ನವರು, ಸಿವಿಲ್‌ನವರು, ಕಂಪ್ಯೂಟರ್ ಸೈನ್ಸ್‌ನವರು ಎಲ್ಲರೂ ಇದ್ದೀವಿ. ರಾಯಚೂರು ನಗರದವರು ಇರುವಂತೆ ದೇವದುರ್ಗ, ಮಾನ್ವಿ ಕಡೆಯಿಂದ ದಿನಾ ಬೆಳಿಗ್ಗೆ ಬಸ್ ಹಿಡಿದು ಬರುವವರೂ ಇದ್ದೀವಿ. ಎಲ್ಲರೂ ಸೇರಿ ಬಂದ ತೀರ್ಮಾನ ಇಷ್ಟು: ರಾಯಚೂರಿನಲ್ಲಿ ವಸ್ತುವಿಜ್ಞಾನದ ಸಮ್ಮೇಳನ ನಡೆದರೆ ಅದರ ವಿಶೇಷ ಕಾರ್ಯಕ್ರಮಗಳು ಈ ನೆಲದ ವಸ್ತುಗಳಿಂದ ಹುಟ್ಟಬೇಕು, ಮತ್ತು ಅವು ಕನ್ನಡದಲ್ಲಿ ನಡೆಯಬೇಕು. ಯಾರು ವಿಜ್ಞಾನದ ಒಳಗೆ ಬರ್ತಾರ, ಯಾರು ಬಾಗಿಲ ಹೊರಗೇ ಉಳೀತಾರ ಅನ್ನೋದು ಬಹಳ ಸಲ ಇಲ್ಲೇ ತೀರ್ಮಾನ ಆಗ್ತದ.

ಬೇರೆ ಕಡೆ ಏನು ನಡೀತದ

ಮೊದಲು ಹೊರಗಿನವರನ್ನು ನೋಡೋಣ. ಅಮೆರಿಕದಲ್ಲಿ ಟಿಎಂಎಸ್ ಅಂತ ಲೋಹ ಮತ್ತು ವಸ್ತು ತಜ್ಞರ ದೊಡ್ಡ ಸಂಸ್ಥೆ ಇದೆ. ಅದರ ವಾರ್ಷಿಕ ಸಮ್ಮೇಳನದಲ್ಲಿ 2015ರಿಂದ ಅಲಗು ಬಡಿಯುವ ಸ್ಪರ್ಧೆ ಶುರುವಾಯಿತು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕುಲುಮೆ ಮುಂದೆ ನಿಂತು ಚಾಕು, ಖಡ್ಗ ಬಡಿಯಬೇಕು. ಬಡಿದರೆ ಸಾಲದು. ಯಾವ ಉಕ್ಕು ಆರಿಸಿದಿವಿ, ಹದ ಹೇಗೆ ಹಾಕಿದಿವಿ, ಸೂಕ್ಷ್ಮದರ್ಶಕದ ಕೆಳಗೆ ಅದರ ಒಳರಚನೆ ಹೇಗೆ ಕಾಣ್ತದ ಅಂತ ವರದಿಯನ್ನೂ ಕೊಡಬೇಕು. ಅದೇ ದೇಶದ ಇನ್ನೊಂದು ಸಮ್ಮೇಳನ ಎಂಎಸ್ ಅಂಡ್ ಟಿಯಲ್ಲಿ ಮಗ್ ಬೀಳಿಸುವ ಸ್ಪರ್ಧೆ ನಡೆಯುತ್ತದೆ. ವಿದ್ಯಾರ್ಥಿಗಳು ತಾವೇ ಮಾಡಿ ಸುಟ್ಟ ಪಿಂಗಾಣಿ ಮಗ್ಗನ್ನು ಹೆಚ್ಚು ಹೆಚ್ಚು ಎತ್ತರದಿಂದ ಕೆಳಗೆ ಬಿಡ್ತಾರೆ, ಕೊನೆತನಕ ಒಡೆಯದೆ ಉಳಿದ ಮಗ್ ಗೆದ್ದಂಗ. ನೋಡಲು ಹುಡುಗಾಟ ಅನಿಸಬಹುದು. ಆದರೆ ಬಿರುಕು ಎಲ್ಲಿಂದ ಶುರು ಆಗ್ತದ, ಪಿಂಗಾಣಿ ಯಾಕೆ ಬಾಗದೆ ಒಡೀತದ ಅನ್ನೋದನ್ನ ಇದಕ್ಕಿಂತ ಚೆಂದಾಗಿ ಕಲಿಸುವ ಪಾಠ ಇದೆಯೇನು? ಎಂಆರ್‌ಎಸ್ ಸಂಸ್ಥೆಯ ಸಮ್ಮೇಳನಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳನ್ನು ಕಲೆಯಂತೆ ಪ್ರದರ್ಶಿಸುವ ಸ್ಪರ್ಧೆ ಇದೆ. ಸೂತ್ರ ಗೊತ್ತಿಲ್ಲದವರೂ ಅಲ್ಲಿ ನಿಂತು ನೋಡ್ತಾರೆ.

ನಮ್ಮ ದೇಶದಲ್ಲಿ ಇಲ್ಲವೆಂದೇನೂ ಇಲ್ಲ. ನವೆಂಬರ್ 14 ನಮಗೆಲ್ಲ ಮಕ್ಕಳ ದಿನ ಅಂತ ಗೊತ್ತು. ಅದೇ ದಿನವನ್ನು ಬಹಳ ವರ್ಷ ರಾಷ್ಟ್ರೀಯ ಲೋಹತಜ್ಞರ ದಿನ ಅಂತಲೂ ಆಚರಿಸಿದ್ದಾರೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟಲ್ಸ್ ನಡೆಸುವ ವಾರ್ಷಿಕ ಸಭೆಯಲ್ಲಿ ಲೋಹಗಳ ಒಳರಚನೆಯ ಚಿತ್ರಗಳ ಸ್ಪರ್ಧೆ ಇರುತ್ತದೆ. ಅದರ ಕಲ್ಪಾಕ್ಕಂ ಶಾಖೆ ವಿಜ್ಞಾನಿ ಬ್ರಹ್ಮ ಪ್ರಕಾಶ್ ಅವರ ನೆನಪಿನಲ್ಲಿ ಪಿಯುಸಿ ವಯಸ್ಸಿನ ಮಕ್ಕಳಿಗೆ ವಸ್ತುವಿಜ್ಞಾನದ ಕ್ವಿಜ್ ನಡೆಸುತ್ತದೆ. 1989ರಲ್ಲಿ ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ ಶುರುವಾದ ಮಟೀರಿಯಲ್ಸ್ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಇದೆ. ಬೆಂಗಳೂರಿನ ಐಐಎಸ್‌ಸಿ ಪ್ರತಿ ವರ್ಷ ಒಂದು ದಿನ ತನ್ನ ಪ್ರಯೋಗಾಲಯಗಳ ಬಾಗಿಲು ತೆರೆದು ಸಾರ್ವಜನಿಕರನ್ನು ಒಳಗೆ ಬಿಡ್ತದ, ಜಾತ್ರೆ ಕೂಡಿದಂಗ ಮಂದಿ ಕೂಡ್ತಾರ. ಆದರೆ ಅದು ನಮಗೆ ನಾನೂರು ಕಿಲೋಮೀಟರ್ ದೂರ. ದೇವದುರ್ಗದ ಒಂಬತ್ತನೇ ಕ್ಲಾಸಿನ ಹುಡುಗಿ ಅಲ್ಲಿಗೆ ಹೋಗಿ ಬರೋದು ಸಾಧ್ಯವಾ?

ನಮ್ಮ ಕಡೆ ಏನು ಕಡಿಮೆ ಇದೆ

ಈಗ ನಮ್ಮ ಜಿಲ್ಲೆಗೆ ಬರೋಣ. ರಾಯಚೂರು ಅಂದ ಕೂಡಲೇ ಹೊರಗಿನವರು ‘ಹಿಂದುಳಿದ ಜಿಲ್ಲೆ, ಬಿಸಿಲು’ ಅಂತಾರ. ವಸ್ತುವಿಜ್ಞಾನದ ಕಣ್ಣಿನಿಂದ ನೋಡಿದರೆ ಇದರಷ್ಟು ಶ್ರೀಮಂತ ಜಿಲ್ಲೆ ಹುಡುಕೋದು ಕಷ್ಟ.

ಕೋಟೆಯಿಂದಲೇ ಶುರು ಮಾಡೋಣ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ ಇದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆ ಮೇಲೆ ಕೆತ್ತಿದ್ದಾರೆ. ಎಷ್ಟು ತೂಕ, ಎಷ್ಟು ಘರ್ಷಣೆ, ಬಂಡಿಯ ಅಚ್ಚು ಯಾಕೆ ಮುರಿಯಲಿಲ್ಲ ಅಂತ ಲೆಕ್ಕ ಹಾಕೋದಕ್ಕೆ ಇದಕ್ಕಿಂತ ದೊಡ್ಡ ಪ್ರಶ್ನೆಪತ್ರಿಕೆ ಬೇಕೇನು? ಕಾರಹುಣ್ಣಿಮೆ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್‌ಗಟ್ಟಲೆ ತೂಕದ ಕಲ್ಲು ಎಳೆಯುವ ಸ್ಪರ್ಧೆ ನೋಡಲು ಮಂದಿ ಬಿಸಿಲಾಗ ಗಂಟೆಗಟ್ಟಲೆ ನಿಲ್ತಾರ. ಘರ್ಷಣೆ ಅನ್ನೋದು ಏನು ಅಂತ ಆ ಮಂದಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದರ ಹಿಂದಿನ ಲೆಕ್ಕ ಒಂದನ್ನು ತೋರಿಸಿದರೆ ಸಾಕು.

ಮಸ್ಕಿಗೆ ಹೋದರೆ ಅಶೋಕನ ಶಾಸನ. ಅದನ್ನು 1915ರಲ್ಲಿ ಕಂಡವನು ಇತಿಹಾಸಕಾರನಲ್ಲ, ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್. ‘ದೇವಾನಾಂಪ್ರಿಯ’ ಅಂದ್ರ ಅಶೋಕನೇ ಅನ್ನೋದು ಗಟ್ಟಿಯಾಗಿದ್ದು ಆ ಬಂಡೆಯಿಂದ. ಮುಂದೆ 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ಮಾಡಿದಾಗ ಬೃಹತ್ ಶಿಲಾ ಸಂಸ್ಕೃತಿ ಕಾಲದ ಕಬ್ಬಿಣದ ವಸ್ತುಗಳೂ ಸಿಕ್ಕವು. ಪಕ್ಕದಲ್ಲೇ ಹಟ್ಟಿ. 2001ರಲ್ಲಿ ಕೆಜಿಎಫ್ ಮುಚ್ಚಿದ ಮೇಲೆ ದೇಶದಲ್ಲಿ ಗಣಿಯಿಂದ ಚಿನ್ನ ತೆಗೆಯುವ ಮುಖ್ಯ ಊರು ಅಂದ್ರ ಹಟ್ಟಿನೇ. ದೇವದುರ್ಗ ತಾಲ್ಲೂಕಿನ ಊಟಿಯಲ್ಲೂ ಅದೇ ಕಂಪನಿಯ ಗಣಿ ಇದೆ. ಒಂದು ಟನ್ ಅದಿರು ಪುಡಿ ಮಾಡಿದರೆ ಸಿಗೋದು ಕೆಲವೇ ಗ್ರಾಂ ಚಿನ್ನ. ಆ ಕೆಲವು ಗ್ರಾಂ ಹೊರಗೆ ಬರಬೇಕಾದರೆ ಎಷ್ಟು ಕೆಮಿಸ್ಟ್ರಿ, ಎಷ್ಟು ಮೆಕ್ಯಾನಿಕಲ್, ಎಷ್ಟು ಬೆವರು ಅಂತ ನಮ್ಮ ಸಮ್ಮೇಳನಗಳಲ್ಲಿ ಯಾರಾದರೂ ಹೇಳಿದ್ದು ಕೇಳೀರೇನು?

ಇನ್ನು ಉಕ್ಕು. ಹಳೆಯ ಕಾಲದಲ್ಲಿ ದಕ್ಷಿಣ ಭಾರತದಿಂದ ಹೊರದೇಶಗಳಿಗೆ ಹೋಗುತ್ತಿದ್ದ ಪ್ರಸಿದ್ಧ ಉಕ್ಕಿಗೆ ಇಂಗ್ಲಿಷಿನಲ್ಲಿ ‘ವೂಟ್ಜ್’ ಅಂತಾರೆ. ನಮ್ಮ ‘ಉಕ್ಕು’ ಪದವೇ ಆಂಗ್ಲರ ಬಾಯಲ್ಲಿ ಹಾಗಾಯಿತು ಅಂತ ತಜ್ಞರು ಹೇಳ್ತಾರೆ. ಮನೆ ಕಟ್ಟುವ ಸಾಮಾನ್ಯ ಕಬ್ಬಿಣದಲ್ಲಿ ಕಾರ್ಬನ್ 0.2 ಶೇಕಡಾ ಆಸುಪಾಸು ಇದ್ದರೆ ಈ ಉಕ್ಕಿನಲ್ಲಿ 1ರಿಂದ 2 ಶೇಕಡಾ. ಮುಚ್ಚಿದ ಮೂಸೆಯಲ್ಲಿ ಕಬ್ಬಿಣದ ಜೊತೆ ಸೊಪ್ಪು, ಕಟ್ಟಿಗೆ ಇಟ್ಟು ಕಾಸಿ ಇದನ್ನು ಮಾಡುತ್ತಿದ್ದರು. ಮೈಸೂರು ಸೀಮೆ, ತಮಿಳುನಾಡು, ತೆಲಂಗಾಣದ ಕೋನಸಮುದ್ರಂ ಇದಕ್ಕೆ ಹೆಸರಾಗಿದ್ದವು. ಲಂಡನ್ನಿನ ಮೈಕೆಲ್ ಫ್ಯಾರಡೆ ವಿದ್ಯುತ್ತಿನ ದೊಡ್ಡ ಸಂಶೋಧನೆಗಳಿಗೆ ಮುಂಚೆ, 1820ರ ಆಸುಪಾಸು, ಇದೇ ಉಕ್ಕಿನ ಗುಟ್ಟು ಹುಡುಕುತ್ತಾ ಕೂತಿದ್ದ. ಆ ಫ್ಯಾರಡೆ ಯಾರ ಮಗ? ಕಮ್ಮಾರನ ಮಗ. ನಮ್ಮ ಬೆಂಗಳೂರಿನಲ್ಲೇ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಇದರ ಮೇಲೆ 2004ರಲ್ಲಿ ಪುಸ್ತಕ ತಂದರು. ಅಮೆರಿಕದ ಹುಡುಗರು ಸಮ್ಮೇಳನದಲ್ಲಿ ಅಲಗು ಬಡಿದು ಬಹುಮಾನ ತಗೊಳ್ಳುವಾಗ, ಉಕ್ಕು ಅನ್ನೋ ಪದ ಕೊಟ್ಟ ಭಾಷೆಯವರು ನಾವು ಸಮ್ಮೇಳನದಲ್ಲಿ ಶಾಲು ಹೊದಿಸ್ಕೋತ ಕೂತೀವಿ.

ಕೊನೆಗೆ ಬೂದಿ. ನಮ್ಮ ಜಿಲ್ಲೆಯಲ್ಲಿ ಬೂದಿಗೂ ಒಂದು ಇತಿಹಾಸ ಇದೆ. ಕೃಷ್ಣೆಯ ಆಚೆ ಈಚೆ ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಗುಡ್ಡೆಗಳನ್ನು ಸುಟ್ಟ ಬೂದಿದಿಬ್ಬಗಳು ಇವೆ. ಕೆಲವು ಕಡೆ ಶಾಖ ಎಷ್ಟಿತ್ತಂದ್ರ ಬೂದಿ ಕರಗಿ ಗಾಜಿನಂಥ ಗಟ್ಟಿ ಆಗಿದೆ. ಲಿಂಗಸುಗೂರು ಕಡೆಯ ಪಿಕಳಿಹಾಳದಲ್ಲಿ ಅಗೆದ ಆಲ್ಚಿನ್ 1963ರಲ್ಲಿ ಈ ಬೂದಿದಿಬ್ಬಗಳ ಮೇಲೆಯೇ ಪುಸ್ತಕ ಬರೆದರು. ಎರಡನೇ ಬೂದಿ ಶಕ್ತಿನಗರದ್ದು. 1985ರಲ್ಲಿ ಶುರುವಾದ ಆರ್‌ಟಿಪಿಎಸ್‌ನ ಸಾಮರ್ಥ್ಯ ಈಗ 1720 ಮೆಗಾವಾಟ್. ಯರಮರಸ್‌ನಲ್ಲಿ ಇನ್ನೂ 1600 ಮೆಗಾವಾಟ್‌ನ ಸ್ಥಾವರ ಇದೆ. ನಮ್ಮ ದೇಶದ ಕಲ್ಲಿದ್ದಲು ನೂರು ಕಿಲೋ ಸುಟ್ಟರೆ 30ರಿಂದ 40 ಕಿಲೋ ಬೂದಿಯೇ ಉಳಿಯುತ್ತದೆ. ಆ ಹಾರುಬೂದಿ ಸಿಮೆಂಟಿಗೆ, ಇಟ್ಟಂಗಿಗೆ ಹೋಗ್ತದ, ಉಳಿದದ್ದು ಬೂದಿಹೊಂಡಕ್ಕೆ. ಸುತ್ತಲಿನ ಊರಿನವರಿಗೆ ಬೂದಿ ಅಂದ್ರ ಒಣಗಲು ಹಾಕಿದ ಬಟ್ಟೆ ಮೇಲೆ ಕೂಡುವ ಧೂಳು. ಸಿವಿಲ್ ಎಂಜಿನಿಯರಿಗೆ ಅದೇ ಪೊಜೊಲಾನ್. ಈ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಮಾತಾಡಿದ್ದು ನಾವಂತೂ ನೋಡಿಲ್ಲ.

ಮೂರನೇ ಬೂದಿ ಮಾನ್ವಿಯದು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಮಾನ್ವಿ ಕಡೆ ನೆಲ್ಲು, ಅಂದ್ರ ಭತ್ತ, ಹೇರಳ. ರೈಸ್‌ಮಿಲ್ಲುಗಳೂ ಹೇರಳ. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು. ಹೊಟ್ಟು ಸುಟ್ಟರೆ ಅದರ ಐದನೇ ಒಂದು ಪಾಲು ಬೂದಿ. ಆ ಬೂದಿಯಲ್ಲಿ 85 ಶೇಕಡಾಕ್ಕೂ ಮೇಲೆ ಸಿಲಿಕಾ! ಸುಮಾರು 700 ಡಿಗ್ರಿಯೊಳಗೆ ಹದವಾಗಿ ಸುಟ್ಟರೆ ಆ ಸಿಲಿಕಾ ಹರಳುಗಟ್ಟದೆ ಉಳಿದು ಸಿಮೆಂಟಿನ ಜೊತೆ ಚೆನ್ನಾಗಿ ಬೆರೀತದ. ಸಿಕ್ಕಾಪಟ್ಟೆ ಕಾಸಿದರೆ ಹರಳಾಗಿ ಕೆಲಸಕ್ಕೆ ಬಾರದಂಗ ಆಗ್ತದ. ಒಂದೇ ಹೊಟ್ಟು, ಒಂದೇ ಬೆಂಕಿ, ಹದ ತಪ್ಪಿದರೆ ಬೇರೆಯದೇ ವಸ್ತು. ರೊಟ್ಟಿ ಸುಡುವ ನಮ್ಮ ಅವ್ವಂದಿರಿಗೆ ಈ ಮಾತು ತಟ್ಟನೆ ತಿಳೀತದ.

ಚಹಾ ಡ್ರಮ್ಮಿನ ಹತ್ತಿರದ ಪ್ರಶ್ನೆ

ಇಷ್ಟೆಲ್ಲ ಇದ್ದರೂ ಸಮ್ಮೇಳನಗಳಲ್ಲಿ ನಮ್ಮ ಹುಡುಗರ ಪಾತ್ರ ಏನು? ವಾಲಂಟಿಯರ್. ನೀರಿನ ಬಾಟಲಿ ಇಡೋದು, ಹೂಗುಚ್ಛ ಹಿಡಿಯೋದು, ಕಾರಿನ ಬಾಗಿಲು ತೆಗೆಯೋದು.

ಒಂದು ಕಾಲೇಜಿನ ಸಮ್ಮೇಳನಕ್ಕೆ ನಾವು ಕೆಲವರು ಹೋಗಿದ್ದೆವು, ಹೆಸರು ಬ್ಯಾಡ. ಹಾರುಬೂದಿಯಿಂದ ಸಿಮೆಂಟ್ ಇಲ್ಲದೆ ಇಟ್ಟಂಗಿ ಮಾಡುವ ಜಿಯೋಪಾಲಿಮರ್ ಬಗ್ಗೆ ಉಪನ್ಯಾಸ. ಇಟ್ಟಂಗಿ ಗಟ್ಟಿಯಾಗಲು 60 ಡಿಗ್ರಿಯ ಓವನ್‌ನಲ್ಲಿ ಒಂದು ದಿನ ಇಡಬೇಕು ಅಂತ ಹೇಳಿದರು. ಪ್ರಶ್ನೆ ಕೇಳಿ ಅಂದಾಗ ಸಭೆ ಸುಮ್ಮನಿತ್ತು. ಮುಂದಿನ ಸಾಲಿನಿಂದ ಇಬ್ಬರು ಎದ್ದು ‘ನೈಸ್ ಪ್ರೆಸೆಂಟೇಷನ್’ ಅಂದರು, ಮುಗೀತು. ಹೊರಗೆ ಚಹಾ ಡ್ರಮ್ಮಿನ ಹತ್ತಿರ ದೇವದುರ್ಗ ಕಡೆಯ ನಮ್ಮ ಗೆಳೆಯ, ಇಟ್ಟಂಗಿ ಕೆಲಸದ ಮನೆಯಿಂದ ಬಂದವನು, ಕೇಳಿದ: “ಅಲ್ಲೋ, ಮೇ ತಿಂಗಳಾಗ ನಮ್ಮ ತಗಡಿನ ಶೆಡ್ಡಿನೊಳಗ ಕೈ ಇಡಾಕ ಆಗೋದಿಲ್ಲ. ಬೂದಿ ಇಟ್ಟಂಗಿಗೆ ಎರಡು ವಾರ ನೀರು ಹೊಡೀಬೇಕು, ನೀರು ಎಲ್ಲಿ ಐತಿ? ಇವರು ಹೇಳೋ ಇಟ್ಟಂಗಿಗೆ ನೀರು ಬ್ಯಾಡ, ಶಾಖ ಬೇಕು ಅಂದ್ರ ನಮ್ಮ ಬಿಸಿಲೇ ಓವನ್ ಆಗಂಗಿಲ್ಲೇನು?”

ಆ ದಿನದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಒಂದು ಪ್ರಾಜೆಕ್ಟ್ ಆಗುವಷ್ಟು ವಿಷಯ ಅದರಲ್ಲಿತ್ತು. ಒಳಗೆ ಯಾಕೆ ಕೇಳಲಿಲ್ಲ ಅಂದರೆ, “ಇಂಗ್ಲಿಷ್‌ನಾಗ ಹೆಂಗ ಕೇಳಲಿ, ನಗ್ತಾರ” ಅಂದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಅವನು. ಸಂವಿಧಾನದ 371ಜೆ ತಿದ್ದುಪಡಿಯಿಂದ ನಮ್ಮ ಭಾಗದ ಎಷ್ಟೋ ಮಕ್ಕಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಅದು ದೊಡ್ಡ ಉಪಕಾರ. ಆದರೆ ಸೀಟು ಸಿಕ್ಕರೆ ಕೂಡೋಕೆ ಜಾಗ ಸಿಕ್ಕಂಗ, ಅಷ್ಟೇ. ಎದ್ದು ಮಾತಾಡೋಕೆ ಜಾಗ ಬೇರೆ ಯಾರೋ ಮಾಡಿಕೊಡಬೇಕು. ಸಮ್ಮೇಳನದ ‘ವಿಶೇಷ ಕಾರ್ಯಕ್ರಮಗಳು’ ಅನ್ನುವ ಚೌಕ ಆ ಜಾಗ ಆಗಬಹುದು ಅಂತ ನಮ್ಮ ವಾದ.

ಎದುರು ಮಾತುಗಳು

ಇದಕ್ಕೆ ಕೆಲವರು ಹೇಳುವ ಮಾತು ನಮಗೆ ಗೊತ್ತು. ‘ವಿಜ್ಞಾನದ ಭಾಷೆ ಇಂಗ್ಲಿಷ್. ನಾಳೆ ಕೆಲಸಕ್ಕೆ ಹೋಗುವ ಹುಡುಗರನ್ನ ಕನ್ನಡದಾಗ ಕಟ್ಟಿ ಹಾಕಬ್ಯಾಡ್ರಿ’ ಅಂತಾರ. ಪ್ರಬಂಧಗಳು ಇಂಗ್ಲಿಷಿನಲ್ಲೇ ಇರಲಿ, ಅದಕ್ಕೆ ನಮ್ಮ ತಕರಾರಿಲ್ಲ. ಪ್ರಬಂಧ ಓದುವವರು ಜಗತ್ತಿನ ಎಲ್ಲಾ ಕಡೆ ಇದ್ದಾರೆ. ಆದರೆ ಬೂದಿ ಬೀಳುವುದು ಇಲ್ಲಿ, ಹೊಟ್ಟು ಸುಡುವುದು ಇಲ್ಲಿ. ಇಲ್ಲಿಯವರ ಜೊತೆ ಮಾತಾಡೋಕೆ ಇಲ್ಲಿಯ ಭಾಷೆ ಬೇಕು.

2021ರಲ್ಲಿ ಎಐಸಿಟಿಇ ಕನ್ನಡದಲ್ಲೂ ಎಂಜಿನಿಯರಿಂಗ್ ಓದಬಹುದು ಅಂತ ಅನುಮತಿ ಕೊಟ್ಟಾಗ ಭಾಲ್ಕಿ ಸೇರಿದಂತೆ ಕೆಲವು ಕಾಲೇಜುಗಳು ಮುಂದೆ ಬಂದವು, ಮಕ್ಕಳು ಸೇರಲಿಲ್ಲ ಅನ್ನುವುದನ್ನೂ ಎತ್ತಿ ತೋರಿಸ್ತಾರೆ. ನಿಜ. ಡಿಗ್ರಿ ಅಂದರೆ ಪರೀಕ್ಷೆ, ಪ್ಲೇಸ್‌ಮೆಂಟ್, ಮದುವೆ ಎಲ್ಲಾ ಅದಕ್ಕೆ ಗಂಟು ಬಿದ್ದಿರ್ತದ. ನಾಲ್ಕು ವರ್ಷ ಪಣಕ್ಕಿಡಲು ಯಾರಿಗೂ ಧೈರ್ಯ ಬರೋದಿಲ್ಲ. ಒಂದು ಮಧ್ಯಾಹ್ನ ಕನ್ನಡದಲ್ಲಿ ಪ್ರಶ್ನೆ ಕೇಳುವುದರಲ್ಲಿ ಯಾರ ಪ್ಲೇಸ್‌ಮೆಂಟೂ ಹಾಳಾಗೋದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಪಾರಿಭಾಷಿಕ ಪದ ಎಲ್ಲಿಂದ ತರ್ತೀರಿ ಅನ್ನೋದು ಇನ್ನೊಂದು ಮಾತು. ಕಮ್ಮಾರರ ಕುಲುಮೆಗೆ ಹೋಗ್ರಿ: ತಿದಿ, ಅಡಿಗಲ್ಲು, ಇಕ್ಕಳ, ಹದ, ಬೆಸುಗೆ. ಇವೆಲ್ಲ ಪಾರಿಭಾಷಿಕ ಪದಗಳಲ್ಲದೆ ಮತ್ತೇನು? ಇಲ್ಲದ ಕಡೆ ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಹೇಳಿದರಾಯಿತು. ಉಕ್ಕು ಅತ್ತ ಹೋಗಿ ವೂಟ್ಜ್ ಆಗಿದೆ, ಪಾಲಿಮರ್ ಇತ್ತ ಬಂದು ಪಾಲಿಮರ್ ಆಗಿಯೇ ಇರಲಿ.

ಇನ್ನು ದುಡ್ಡು. ಒಂದು ಸಮ್ಮೇಳನದಲ್ಲಿ ಶಾಲು, ಹಾರ, ನೆನಪಿನ ಕಾಣಿಕೆ, ಫ್ಲೆಕ್ಸ್‌ಗೆ ಆಗುವ ಖರ್ಚು ಯಾರಾದರೂ ಕೂಡಿಸಿ ನೋಡಲಿ. ಅದರ ಅರ್ಧದಲ್ಲಿ ನಾವು ಕೆಳಗೆ ಹೇಳುವ ಎಲ್ಲಾ ಕೆಲಸ ಆಗ್ತಾವ. ನ್ಯಾಕ್ ಅಂಕದ ಚಿಂತೆ ಇದ್ದವರಿಗೂ ಒಂದು ಮಾತು: ಸಂಶೋಧನೆಯ ಜೊತೆಗೆ ಸಮಾಜದ ಕಡೆ ಚಾಚುವ ಚಟುವಟಿಕೆಯೂ ಅದೇ ಮಾನದಂಡದಲ್ಲಿ ಲೆಕ್ಕಕ್ಕೆ ಬರ್ತದ.

ನಾವು ಕೇಳೋದು ಇಷ್ಟು

ಒಂದು, ಬೂದಿಯ ಮೇಜು. ಸಭಾಂಗಣದ ಬಾಗಿಲಲ್ಲೇ ಶಕ್ತಿನಗರದ ಹಾರುಬೂದಿ, ಮಾನ್ವಿಯ ಹೊಟ್ಟಿನ ಬೂದಿ, ಒಲೆಯ ಬೂದಿ ಮೂರನ್ನೂ ಇಟ್ಟು, ಪಕ್ಕದಲ್ಲಿ ಸೂಕ್ಷ್ಮದರ್ಶಕದ ಚಿತ್ರ ಇಡಬೇಕು. ಹಾರುಬೂದಿಯ ಕಣಗಳು ಸಣ್ಣ ಗೋಲಿಯಂತೆ ದುಂಡಗೆ ಕಾಣ್ತಾವ. ಅದನ್ನು ನೋಡಿದ ಮಗು ಮನೆಗೆ ಹೋಗಿ ಹೇಳದೆ ಇರೋದಿಲ್ಲ. ಮೂರೂ ಬೂದಿಯಿಂದ ವಿದ್ಯಾರ್ಥಿಗಳು ಇಟ್ಟಂಗಿ ಮಾಡಿ, ಎಲ್ಲರ ಮುಂದೆ ಒತ್ತುವ ಯಂತ್ರದಲ್ಲಿಟ್ಟು ಒಡೆಯುವ ಸ್ಪರ್ಧೆ ಆಗಲಿ. ಬಿಸಿಲಲ್ಲಿ ಗಟ್ಟಿಯಾದ ಇಟ್ಟಂಗಿಗೆ ಬೇರೆ ಬಹುಮಾನ ಇರಲಿ.

ಎರಡು, ಕುಲುಮೆ. ನಮ್ಮ ಊರುಗಳಲ್ಲಿ ಇನ್ನೂ ಕುಡಗೋಲು, ಕುಂಟೆಯ ಕುಡ ಬಡಿಯುವ ಹಿರಿಯರು ಇದ್ದಾರೆ. ಅವರನ್ನು ಕಾಲೇಜಿಗೆ ಕರೆದು, ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಟ್ಟು, ಕೆಲಸ ಮಾಡಿ ತೋರಿಸಿ ಅಂತ ಕೇಳಬೇಕು. ಕಾದ ಕಬ್ಬಿಣದ ಬಣ್ಣ ನೋಡಿ ಹದ ಹೇಳುವ ಅವರ ಕಣ್ಣಿಗೂ ನಮ್ಮ ಲ್ಯಾಬಿನ ಪೈರೋಮೀಟರಿಗೂ ಪಂದ್ಯ ಇಡೋಣ. ನೀರಿಗೆ ಅದ್ದುವ ಮುಂಚಿನ ತುಂಡು, ಅದ್ದಿದ ಮೇಲಿನ ತುಂಡು ಎರಡರ ಗಡಸುತನವನ್ನೂ ನಾವು ಅಳೆದು ಅವರಿಗೆ ತೋರಿಸೋಣ. ಅವರಿಗೂ ಒಂದು ಸುದ್ದಿ ಸಿಗ್ತದ, ನಮಗೂ ಒಂದು ಪಾಠ ಸಿಗ್ತದ.

ಮೂರು, ಒಂದು ದಿನದ ಬಸ್ಸು. ಹೊರಗಿನಿಂದ ಬಂದ ಅತಿಥಿಗಳನ್ನು ಮಂತ್ರಾಲಯ ತೋರಿಸಿ ಕಳಿಸುವ ಪದ್ಧತಿ ಇದೆ, ಒಳ್ಳೆಯದೇ. ಅದರ ಜೊತೆಗೆ ರಾಯಚೂರು ಕೋಟೆಯ ಕಲ್ಲು, ಮಸ್ಕಿಯ ಬಂಡೆ, ಅನುಮತಿ ಸಿಕ್ಕರೆ ಹಟ್ಟಿಯ ಗಣಿ ಇವನ್ನೂ ತೋರಿಸೋಣ. ಬಸ್ಸಿನಲ್ಲಿ ವಿವರ ಹೇಳುವ ಕೆಲಸ ಆ ಆ ತಾಲ್ಲೂಕಿನ ವಿದ್ಯಾರ್ಥಿಗಳಿಗೇ ಸಿಗಲಿ.

ನಾಲ್ಕು, ಶಾಲೆ ಮಕ್ಕಳ ದಿನ. ಇದು ರಾಯಚೂರಿನಲ್ಲೇ ನಡೀಬೇಕು ಅಂತೇನಿಲ್ಲ. ಸಮ್ಮೇಳನಕ್ಕೆ ಒಂದು ವಾರ ಮುಂಚೆ ನಾವೇ ದೇವದುರ್ಗಕ್ಕೆ, ಮಾನ್ವಿಗೆ ಹೋಗಿ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡದಲ್ಲಿ ಕ್ವಿಜ್ ಮಾಡೋಣ. ನಮ್ಮ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ವಸ್ತು ಅದನ್ನು ಹೇಗೆ ಹಿಡಿದಿಟ್ಟುಕೊಳ್ತದ ಅಂತ ಮಕ್ಕಳ ಊರಿನ ನೀರನ್ನೇ ತರಿಸಿ ತೋರಿಸಿದರೆ, ವಸ್ತುವಿಜ್ಞಾನ ಯಾಕೆ ಬೇಕು ಅಂತ ಮತ್ತೆ ಭಾಷಣ ಮಾಡುವ ಅಗತ್ಯ ಬೀಳೋದಿಲ್ಲ. ಗೆದ್ದ ಮಕ್ಕಳು ಸಮ್ಮೇಳನದ ವೇದಿಕೆಗೆ ಬರಲಿ, ಗಣ್ಯರ ಪಕ್ಕದಲ್ಲೇ ಕುರ್ಚಿ ಹಾಕಿ.

ಐದು, ಎಲ್ಲಕ್ಕಿಂತ ಅಗ್ಗದ್ದು: ಪ್ರಶ್ನೆ ಚೀಟಿ. ಪ್ರತಿ ಉಪನ್ಯಾಸಕ್ಕೂ ಮುಂಚೆ ಎಲ್ಲರಿಗೂ ಒಂದು ಚೀಟಿ ಕೊಡಿ. ಕನ್ನಡದಲ್ಲಿ ಬರೆದುಕೊಟ್ಟ ಪ್ರಶ್ನೆಯನ್ನು ಸಂಚಾಲಕರು ಇಂಗ್ಲಿಷಿನಲ್ಲಿ ಓದಲಿ, ಉತ್ತರವನ್ನು ಎರಡು ಸಾಲು ಕನ್ನಡದಲ್ಲಿ ಹೇಳಲಿ. ಪೋಸ್ಟರ್ ಪ್ರದರ್ಶನದಲ್ಲಿ ಪ್ರತಿ ಪೋಸ್ಟರ್ ಕೆಳಗೆ ಐದು ಸಾಲಿನ ಕನ್ನಡ ಸಾರಾಂಶ ಕಡ್ಡಾಯ ಆಗಲಿ. ಬರೆಯಲು ಬಾರದವರಿಗೆ ನಮ್ಮ ಸಂಘ ಬರೆದುಕೊಡ್ತದ, ದುಡ್ಡು ಬ್ಯಾಡ, ಚಹಾ ಸಾಕು.

ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಡ, ದಿಲ್ಲಿಯ ಅನುಮತಿ ಬೇಡ. ಸಮ್ಮೇಳನ ಸಮಿತಿಯಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ, ಅದರಲ್ಲಿ ಒಬ್ಬರು ತಾಲ್ಲೂಕಿನಿಂದ ಬಂದವರಿಗೆ, ಜಾಗ ಕೊಟ್ಟರೆ ಉಳಿದದ್ದು ನಾವು ನೋಡಿಕೊಳ್ತೀವಿ. ನಮ್ಮ ಗುರುಗಳಿಗೆ, ಬೇರೆ ಕಾಲೇಜುಗಳ ಗೆಳೆಯರಿಗೆ ನಮ್ಮ ವಿನಂತಿ ಇದೇ: ಮುಂದಿನ ಬ್ರೋಷರ್ ಪ್ರಿಂಟಿಗೆ ಹೋಗುವ ಮುಂಚೆ ಆ ಸಣ್ಣ ಚೌಕವನ್ನು ಒಂದು ಸಲ ನಮ್ಮ ಕೈಗೆ ಕೊಡ್ರಿ. ಒಂದು ಸಾಲು ಸನ್ಮಾನ ತೆಗೆದು ಒಂದು ಸಾಲು ಕುಲುಮೆ ಬರೀತೀವಿ. ಇಷ್ಟಕ್ಕೂ ಚೆಂದ ಆಗಲಿಲ್ಲಂದ್ರ ಮರುವರ್ಷ ಶಾಲು ಇದ್ದೇ ಇದಾವಲ್ರಿ.